ಬ್ರೇಕಿಲ್ಲದ ಗಾಡಿಯವನು

ಅಮೆರಿಕದ ಫಾಸ್ಟರ್ ಸಿಟಿಯಲ್ಲಿ ಮೂಳೆ ಡಾಕ್ಟರ ಬಳಿ ಸರದಿಗೆ ಕಾಯುತ್ತಿದ್ದ ಫರೀದಾರ ಕಿವಿ ನಿಮಿರಿತು. ಒಳಗಿನಿಂದ ಬಂದು ಪಕ್ಕದಲ್ಲಿ ಕೂತ ಹೆಂಗಸೂ ಯುವಕನೂ ಕನ್ನಡದಲ್ಲಿ ಮಾತಾಡುತ್ತಿದ್ದರು.

“ಗ್ಲಾಸ್ಗೋ ಡಾಕ್ಟ್ರು ಹೇಳಿದ್ದನ್ನೇ ಇಲ್ಲೂ ಹೇಳಿದ್ರಲ್ಲ, ಚಿಕ್ಕಮ್ಮ. ಬಲಗೈಗೆ ಇನ್ನು ಹಿಡಿತ ಬರಲ್ಲ. ರೇಸು ಮುಗೀತು.”

“ಎಡಗೈಲಿ ಓಡ್ಸೋ.”

“ಸ್ಪೀಡ್‌ವೇ ಬೈಕಿಗೆ ಬ್ರೇಕೇ ಇಲ್ಲ. ಬಲಗೈ ಆಕ್ಸಿಲರೇಟರೇ ಎಲ್ಲಾ.”

“ಬ್ರೇಕಿಲ್ದೆ ಸ್ಕಾಟ್ಲೆಂಡೆಲ್ಲಾ ಸುತ್ತಿದ್ಯೇನೋ, ಮುಂಡೇದೇ!”

“ಮಣ್ಣಿನ ಟ್ರ್ಯಾಕಲ್ಲಿ ಸುತ್ತಿದ್ದು. ಅದು ಬಿಟ್ರೆ ನಂಗೇನೂ ಬರಲ್ಲ.”

“ಸರಿ, ನಿಮ್ಮಮ್ಮಂಗೆ ಫೋನ್ ಹಾಕು.”

“ಬೇಡ.”

“ಯಾಕೆ, ಅಳ್ತಾಳೆ ಅಂತಾನಾ?”

“ಅಲ್ಲ. ನಾನು ಬೈಕ್ ಬಿಡ್ಲಿ ಅಂತ ಹರಕೆ ಹೊತ್ತಿರೋಳು. ಖುಷಿ ಪಡ್ತಾಳೆ.”

ಚಿಕ್ಕಮ್ಮ ಅವನ ಜಾಕೆಟ್ಟಿನ ಜಿಪ್ಪನ್ನು ತಾವೇ ಎಳೆದು, ಲಿಫ್ಟಿನ ಕಡೆ ನಡೆಸಿಕೊಂಡು ಹೋದರು. ಫರೀದಾ ದುವಾಕ್ಕೆ ಕೈಯೆತ್ತಿದರು. ಯಾರಿಗಾಗಿ ಏನು ಕೇಳಬೇಕೆಂದು ತೋಚಲಿಲ್ಲ.