ಗುರುಗುಟ್ಟದ ನಾಯಿ

ಒಂದಾನೊಂದು ಕಾಲದಲ್ಲಿ, ಒಂದೂರಿನಲ್ಲಿ, ಒಬ್ಬ ಶ್ರೀಮಂತನಿದ್ದ. ಅವನ ಮನೆಯಲ್ಲೊಂದು ಕರಿನಾಯಿ. ಅಜ್ಜಿಯರ ಕಥೆಯಲ್ಲಾದರೆ ಹುಲಿಯೂ ಮಾತಾಡುತ್ತದೆ, ನಾಯಿಯೂ ಮಾತಾಡುತ್ತದೆ. ಈ ನಾಯಿಗೆ ಬರುತ್ತಿದ್ದುದು ಒಂದೇ ಮಾತು. ಗುರ್ರ್! ಉಣ್ಣುವಾಗ ಹತ್ತಿರ ಯಾರೇ ಸುಳಿಯಲಿ, ಗುರ್ರ್. ಅಗಿಯದೆ ಗಬಗಬನೆ ನುಂಗುವುದು, ಕಕ್ಕುವುದು, ಕಕ್ಕಿದ್ದನ್ನೇ ಮತ್ತೆ ನೆಕ್ಕುವುದು. ನೋಡಿದವರಿಗೆ ಅಸಹ್ಯ.

ಯಾಕೆ ಹಾಗಾಯಿತು? ನೋಡಿ, ಆ ಶ್ರೀಮಂತನಿಗೊಂದು ಚಟವಿತ್ತು. ಮನೆಗೆ ಬೀಗರು ಬಂದರೆ ಸಾಕು, ನಾಯಿ ಉಣ್ಣುವಾಗ ನಡುವೆಯೇ ತಾಟು ಕಸಿದುಕೊಳ್ಳುತ್ತಿದ್ದ. "ನೋಡ್ರಿ ಬೀಗರ, ಬಾಯಾಗಿನ ತುತ್ತು ಕಸ್ಕೊಂಡ್ರೂ ನನ್ನ ನಾಯಿ ಪಿಟ್ ಅನ್ನೂದಿಲ್ಲ!" ಬೀಗರು ನಗುತ್ತಿದ್ದರು. ಒಂದು ದಿನ ಅದು ಪಿಟ್ ಎಂದಿತು.

ಬಾಣಂತನಕ್ಕೆ ಬಂದಿದ್ದ ಮಗಳು ಎಳೆಗೂಸನ್ನು ಎದೆಗವಚಿಕೊಂಡಳು. "ಅಪ್ಪಾ, ಈ ನಾಯಿ ಹಿಂಗ ಇದ್ರ ನಾ ಮತ್ತ ತವರಿಗೆ ಕಾಲಿಡೂದಿಲ್ಲ ನೋಡು."

"ಕೂಸು ಅಂಬೆಗಾಲು ಇಡೂದ್ರಾಗ ಸರಿ ಮಾಡ್ತೇನಿ. ಮಾತು ಕೊಟ್ಟೇನಿ, ಆತಿಲ್ಲ?"

ಅವನು ಬಡಿಗೆ ತೆಗೆದುಕೊಂಡ. ಗುರ್ ಎಂದರೆ ಏಟು. ಗುರ್ ಎಂದರೆ ಏಟು. ಕಡೆಗೆ ನಾಯಿ ಗುರುಗುಟ್ಟುವುದನ್ನೇ ಬಿಟ್ಟಿತು. "ನಾಯಿ ಸರಿ ಆತು, ಬಾರವ್ವಾ" ಎಂದು ಗಂಡನ ಮನೆಗೆ ಮರಳಿದ್ದ ಮಗಳಿಗೆ ಹೇಳಿ ಕಳಿಸಿದ.

ಮಗಳು ಬಂದಳು. ಪಡಸಾಲೆಯಲ್ಲಿ ನಾಯಿ ರೊಟ್ಟಿ ತಿನ್ನುತ್ತಿತ್ತು. ಕೂಸು ಅಂಬೆಗಾಲಿಡುತ್ತ ಅದರ ಕಡೆಗೇ ಹೊರಟಿತು. ಗುರ್ ಎನ್ನುವ ಸದ್ದಿಲ್ಲ. ಎಲ್ಲರೂ ನಗುತ್ತಿದ್ದರು. ಯಾರಿಗೂ ಹೆದರಿಕೆಯಿಲ್ಲ. ಅಯ್ಯೋ, ಹೆದರಬೇಕಾದ ಗಳಿಗೆ ಅದೇ ಆಗಿತ್ತಲ್ಲ! ನಾಯಿ ಅಗಿಯುವುದನ್ನು ನಿಲ್ಲಿಸಿತು. ಮೈ ಮರದ ಕೊರಡಾಯಿತು. ಕಣ್ಣಿನ ಬಿಳಿ ಕಂಡಿತು. ಅದನ್ನು ಕಂಡವಳು ಶ್ರೀಮಂತನ ಹೆಂಡತಿಯೊಬ್ಬಳೇ. ಓಡಿಬಂದು ಕೂಸನ್ನು ಸೆಳೆದುಕೊಂಡಳು. ಕೈಗೆ ಕೂಸು ಬಂತು. ಕೂಸಿನ ತಲೆಗೆ ಕಟ್ಟಿದ್ದ ಕುಂಚಿಗೆಯ ಅಂಚು ನಾಯಿಯ ಹಲ್ಲಿನಲ್ಲಿ ಉಳಿಯಿತು.

"ಕೊಂದ ಹಾಕ್ತೇನಿ!" ಶ್ರೀಮಂತ ಬಡಿಗೆ ಎತ್ತಿದ.

ಹೆಂಡತಿ ತಡೆದಳು. "ಯಾಕ ಕೊಲ್ತೀರಿ? ನಂಗ ಅಂಜಿಕಿ ಆಗತೈತಿ, ದೂರ ನಿಲ್ರಿ ಅಂತ ಅದು ಮೊದಲ ಹೇಳತಿತ್ತು. ಹೇಳೂದನ್ನ ಬಿಡಿಸಿದ್ರಿ. ಅಂಜಿಕಿ ಬಿಡಿಸಿದ್ರೇನು?"

ಅವನು ತಿರುಗಿ ನೋಡಿದ. ನಾಯಿ ಮೂಲೆಗೆ ಒತ್ತಿಕೊಂಡು, ನಿಂತಲ್ಲೇ ಉಚ್ಚೆ ಹೊಯ್ದುಕೊಂಡು ನಡುಗುತ್ತಿತ್ತು. ಬಡಿಗೆ ಕೆಳಗಿಳಿಯಿತು. ಮಗಳು ಮಾತ್ರ ಅಂದೇ ಕೂಸನ್ನೆತ್ತಿಕೊಂಡು ಹೊರಟುಹೋದಳು.

ಕೊಟ್ಟ ಮಾತು ಹಾಗೇ ಉಳಿದಿತ್ತು. ಅವನು ನಾಯಿಯ ತಾಟನ್ನು ಯಾರೂ ಸುಳಿಯದ ಹಿತ್ತಿಲ ಮೂಲೆಯಲ್ಲಿಟ್ಟ. ಉಣ್ಣುವಾಗ ದೂರದಿಂದಲೇ ತುಪ್ಪ ಸವರಿದ ರೊಟ್ಟಿಯ ತುಂಡೊಂದನ್ನು ಎಸೆದು, ನಿಲ್ಲದೆ ನಡೆದುಬಿಡುತ್ತಿದ್ದ. ಕಸಿಯುವ ಕೈ ಕೊಡುವ ಕೈಯಾಗಬೇಕಲ್ಲ! ಒಮ್ಮೆ ಸ್ವಲ್ಪ ಹತ್ತಿರ ಹೋದ. ಗುರ್ರ್! ಮರೆತ ಮಾತು ನಾಯಿಗೆ ಮರಳಿ ಬಂದಿತ್ತು. ಈ ಸಲ ಹಿಂದೆ ಸರಿದವನು ಅವನು.

ಈಗ ನಿಮ್ಮ ಮನೆಗೆ ಬರೋಣ. ನಿಮ್ಮ ಚಪ್ಪಲಿಯ ಸಪ್ಪಳಕ್ಕೆ ಒಳಗಿನ ಮಾತು ನಿಲ್ಲುತ್ತದೆಯೇ? ಸೊಸೆ ನಿಂತಲ್ಲೇ ನಾಲ್ಕು ತುತ್ತು ನುಂಗಿ ಕೈ ತೊಳೆಯುತ್ತಾಳೆಯೇ? ಮಗ ತಾಟಿನಿಂದ ತಲೆ ಎತ್ತುವುದಿಲ್ಲವೇ? ಅದನ್ನು ನೀವು ಮರ್ಯಾದೆ ಎನ್ನುತ್ತೀರಿ. ನನಗೆ ಭಯವಾಗುತ್ತದೆ. ಆ ಮೌನದೊಳಗೆ ಏನಿದೆಯೋ ಬಲ್ಲವರಾರು?

ನಾಯಿ ಸಾಕಿದವರೇ, ಉಣ್ಣುವ ತಾಟಿಗೆ ಕೈ ಹಾಕಬೇಡಿ. ಗುರುಗುಟ್ಟಿದರೆ ಹೊಡೆಯಬೇಡಿ, ಹಿಂದೆ ಸರಿಯಿರಿ. ಮಕ್ಕಳನ್ನು ಆಚೆ ಇಡಿ. ಸಂಸಾರ ಕಟ್ಟಿದವರೇ, ಇಂದು ಉಣ್ಣಲು ಕೂತಾಗ ಯಾರ ತಪ್ಪನ್ನೂ ಎತ್ತಬೇಡಿ. ಎದುರು ಮಾತು ಬಂದರೆ ಬಾಯಿ ಮುಚ್ಚಿಸಬೇಡಿ. ಕೇಳಿ.

ಮತ್ತೆ ಆ ಶ್ರೀಮಂತ? ಒಂದು ಮಧ್ಯಾಹ್ನ ಅವನು ಹತ್ತಿರ ಹೋದಾಗ ನಾಯಿ ಅರ್ಧ ರೊಟ್ಟಿ ಬಿಟ್ಟು ತಲೆ ಎತ್ತಿತು. ಬಾಲ ಅಲ್ಲಾಡಿಸಿತು. ಅವನು ಮಗಳ ಊರಿಗೆ ತಾನೇ ಹೋದ. "ಬಾರವ್ವಾ ತವರಿಗೆ. ಈಗ ಖರೇನ ಸರಿ ಆಗೇತಿ. ನಾಯಿ ಅಷ್ಟ ಅಲ್ಲ, ನಾನೂ."

ಕೂಸು ಆಗಲೇ ಅಂಬೆಗಾಲು ಬಿಟ್ಟು ನಡೆಯುತ್ತಿತ್ತು. ತಡವಾಯಿತು. ಆದರೂ ಕೊಟ್ಟ ಮಾತು ನಡೆಯಿತು.