ಸಿತಾಲಿಯ ಹೆಸರು ಯಾವ ಪುಟದಲ್ಲಿದೆ?

ಬೈಬಲ್ಲಿನಲ್ಲಿ ಈಗ ಓದಿದ ವಾಕ್ಯವನ್ನು ಹಾಗೇ ತೆರೆದಿಟ್ಟುಕೊಳ್ಳಿ. ನಡುವೆ ಒಂದು ಕಥೆ ಹೇಳುತ್ತೇನೆ. ಹಿಂದಿನ ಬೆಂಚಿನವರೇ, ಗಡಿಯಾರ ನೋಡಬೇಡಿ, ಊಟದ ಹೊತ್ತಿಗೆ ಸರಿಯಾಗಿ ಬಿಡುತ್ತೇನೆ. ಆ ಊಟ ಇವತ್ತು ರುಚಿಸುತ್ತದೋ ಇಲ್ಲವೋ, ಅದು ಬೇರೆ ಮಾತು.

ಶ್ರೀಮಂತನೊಬ್ಬನ ಕಥೆ ಇದು. ಅವನು ಈ ಊರಿನವನಲ್ಲ, ಈ ದೇಶದವನೂ ಅಲ್ಲ. ಆಫ್ರಿಕಾದ ದಕ್ಷಿಣಕ್ಕೆ ಜಾಂಬಿಯಾ ಅಂತ ಒಂದು ದೇಶವಿದೆ. ಅಲ್ಲಿ ದೊಡ್ಡ ನದಿಯ ಹತ್ತಿರ, ರೈಲು ಬಂದು ನಿಲ್ಲುವ ಒಂದು ಊರು. ನಿಮಗೆ ಗೊತ್ತಿದೆ, ನಾನು ಒಂಬತ್ತು ವರ್ಷ ಅಲ್ಲಿ ಒಂದು ಸಣ್ಣ ಸಭೆಯ ಪಾಲಕನಾಗಿದ್ದೆ. ಆ ಊರಿನ ಮುಖ್ಯ ಬೀದಿಯಲ್ಲಿ ಲಾರಿ, ಜೀಪು, ಟ್ರ್ಯಾಕ್ಟರ್ ಮಾರುವ ದೊಡ್ಡ ಮಳಿಗೆ. ಅಪ್ಪ ಕಟ್ಟಿದ್ದು, ಮಗ ನಡೆಸುತ್ತಿದ್ದ. ಅವರ ಹೆಸರು ನಾನು ಹೇಳುವುದಿಲ್ಲ. ಅದು ಮಳಿಗೆಯ ನೆತ್ತಿಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿದೆ, ಅದಕ್ಕೆ ನನ್ನ ಬಾಯಿಯ ಸಹಾಯ ಬೇಕಾಗಿಲ್ಲ. ಈ ಕಥೆಯಲ್ಲಿ ನಾನು ಹೇಳುವ ಹೆಸರು ಒಂದೇ. ಸಿತಾಲಿ. ಎಲ್ಲಿ, ನೀವೂ ಹೇಳಿ. ಗಂಡಸರ ಕಡೆಯಿಂದ ದನಿ ಬರಲಿಲ್ಲ. ಇನ್ನೊಂದು ಸಲ. ಹಾಂ, ಸಿತಾಲಿ.

ಎರಡನೇ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಸೈಕಲ್ ಮಾರುತ್ತಿದ್ದ ಅಪ್ಪನಿಗೆ ಲಾರಿ ಮಾರುವ ಆಸೆ ಹುಟ್ಟಿತು. ನೋಡಿ, ಅಲ್ಲಿಗೆ ಆಗ ಲಾರಿಗಳು ಈಗಿನ ಹಾಗೆ ಓಡಿಕೊಂಡು ಬರುತ್ತಿರಲಿಲ್ಲ. ಬಿಡಿಬಿಡಿಯಾಗಿ, ದೊಡ್ಡ ಮರದ ಪೆಟ್ಟಿಗೆಗಳಲ್ಲಿ, ರೈಲಿನಲ್ಲಿ ಬರುತ್ತಿದ್ದವು. ಸ್ಟೇಷನ್ನಿನಲ್ಲಿ ಆ ಪೆಟ್ಟಿಗೆ ಇಳಿಸಿದ ಹಮಾಲರೇ ಸಿತಾಲಿ. ಇಳಿಸಿದವರು, ಒಡೆದವರು, ಒಳಗಿದ್ದದ್ದನ್ನು ನೋಡಿ ನೋಡಿ ಜೋಡಿಸಲು ಕಲಿತವರು ಅವರೇ.

ಮೊದಲ ಲಾರಿಯನ್ನು ಕೊಂಡವನು ನದಿಯ ಮೇಲುಗಡೆಯ ಒಬ್ಬ ಮೀನು ವ್ಯಾಪಾರಿ. ಅವನ ಊರಿಗೆ ಹೋಗಬೇಕಾದರೆ ಮೈಲಿಗಟ್ಟಲೆ ಮರಳು. ಮೊಣಕಾಲುದ್ದದ ಮರಳು. ಲಾರಿ ಅದರಲ್ಲಿ ಹೂತುಹೋಯಿತು. ಹತ್ತು ದಿನ ಕಳೆದ ಮೇಲೆ ವ್ಯಾಪಾರಿ ಆಳು ಕಳಿಸಿದ: "ನಿನ್ನ ಕಬ್ಬಿಣದ ಡಬ್ಬಿ ನೀನೇ ಬಂದು ತಗೊಂಡು ಹೋಗು." ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತ.

"ಮುಗೀತು ಸಿತಾಲಿ. ಆ ಲಾರಿ ತಿರುಗಿ ಬಂದ್ರೆ ಆ ಕಡೆಯವರು ಯಾರೂ ನನ್ನ ಹತ್ರ ಲಾರಿ ಕೊಳ್ಳಲ್ಲ. ಅಂಗಡಿ ಬಾಗಿಲು ಹಾಕೋದೇ."

"ಬಾಗಿಲು ಆಮೇಲೆ ಹಾಕಿ ಧಣಿ. ಮೊದಲು ಆ ಪೆಟ್ಟಿಗೆಯ ಎರಡು ಹಲಗೆ ಕೊಡಿ."

ಹಲಗೆ! ಒಡೆದ ಪೆಟ್ಟಿಗೆಯ ಹಲಗೆ! ಎತ್ತಿನ ಗಾಡಿ ಸಿಕ್ಕಲ್ಲಿ ಗಾಡಿ, ಸಿಗದಲ್ಲಿ ಕಾಲ್ನಡಿಗೆ, ಎರಡು ಹಲಗೆ ಹೆಗಲಿಗೇರಿಸಿಕೊಂಡು ಸಿತಾಲಿ ಐದು ದಿನ ಹೋದರು. ಟೈರಿನ ಗಾಳಿ ಅರ್ಧ ಬಿಟ್ಟರು. ಚಕ್ರದ ಕೆಳಗೆ ಹಲಗೆ ಕೊಟ್ಟರು. ಲಾರಿ ಒಂದು ಹಲಗೆಯಷ್ಟು ಮುಂದೆ ಬಂದರೆ ಹಿಂದಿನದನ್ನು ಕಿತ್ತು ಮತ್ತೆ ಮುಂದೆ ಹಾಸಿದರು. ಹೀಗೆ ಹಾಸಿ ಹಾಸಿ ವ್ಯಾಪಾರಿಯ ಮನೆಬಾಗಿಲಿಗೆ ಲಾರಿ ತಂದು ನಿಲ್ಲಿಸಿದರು. ಮುಟ್ಟಿಸಿ ತಿರುಗಿ ಬಂದರೇ? ಇಲ್ಲ. ಎಂಟು ದಿನ ಅಲ್ಲೇ ಉಳಿದು, ಅವನ ಡ್ರೈವರನಿಗೆ ಮರಳಿನಲ್ಲಿ ಲಾರಿ ಬಿಡುವುದನ್ನು ಕಲಿಸಿಯೇ ಬಂದರು.

ಅಲ್ಲಿಂದಾಚೆಗೆ ಅದೇ ಅಂಗಡಿಯ ಪದ್ಧತಿಯಾಯಿತು. ಮಾರಾಟವಾದ ಪ್ರತಿ ಲಾರಿಯ ಪಕ್ಕಕ್ಕೆ ಎರಡು ಹಲಗೆ ಕಟ್ಟುವುದು. ಮೊದಲ ಪ್ರಯಾಣಕ್ಕೆ ಲಾರಿಯ ಜೊತೆ ಸಿತಾಲಿ ಹೋಗುವುದು, ಕೊಂಡವನ ಮನೆಯಲ್ಲಿ ನಾಲ್ಕು ದಿನವೋ ಎಂಟು ದಿನವೋ ಇದ್ದು ಕಲಿಸಿ ಬರುವುದು. ಮೂವತ್ತೆಂಟು ವರ್ಷ ಹೀಗೆ ಹೋದರು. ಮರಳಿನಾಚೆಯ ಹಳ್ಳಿಗಳಲ್ಲಿ ಆ ಮಳಿಗೆಗೆ ಬೋರ್ಡಿನ ಹೆಸರು ಇರಲೇ ಇಲ್ಲ. ಜನ ಅದನ್ನು ‘ಸಿತಾಲಿ ಅಂಗಡಿ’ ಅನ್ನುತ್ತಿದ್ದರು. ಅಪ್ಪ ಅದನ್ನು ಕೇಳಿ ನಗುತ್ತಿದ್ದ. "ಇವನಿಲ್ಲದಿದ್ರೆ ನಾನೆಲ್ಲಿ?" ಅನ್ನುತ್ತಿದ್ದ. ಬಾಯಲ್ಲಿ ಅಂದ, ಎಲ್ಲೂ ಬರೆದಿಡಲಿಲ್ಲ. ಒಂದು ದಿನ ಸತ್ತುಹೋದ.

ಆಮೇಲೆ ಮಗ. ಕೆಟ್ಟವನೇ ಅಂತ ಕೇಳುತ್ತೀರಾ? ಅಲ್ಲ. ಭಾನುವಾರ ತಪ್ಪದೆ ದೇವಾಲಯಕ್ಕೆ ಬರುತ್ತಿದ್ದ, ನಿಮ್ಮ ಹಾಗೇ. ಮಳಿಗೆಯ ಮುಂಭಾಗಕ್ಕೆ ಉದ್ದಕ್ಕೂ ಗಾಜು ಹಾಕಿಸಿದ. ಒಂದು ದಿನ ಹಳ್ಳಿಯಿಂದ ಬಂದ ಗಿರಾಕಿಯೊಬ್ಬ ಆ ಗಾಜಿನ ಬಾಗಿಲಲ್ಲೇ ನಿಂತು ಅವನನ್ನೇ ಕೇಳಿದ: "ಅಪ್ಪಾ, ಇಲ್ಲಿ ಸಿತಾಲಿ ಅಂಗಡಿ ಎಲ್ಲಿ ಬರುತ್ತೆ?"

"ಆ ಹೆಸರಿನ ಅಂಗಡಿ ಈ ಊರಲ್ಲಿಲ್ಲ" ಅಂದನಂತೆ. ಮುಳ್ಳು ಚುಚ್ಚಿದ್ದು ಅವತ್ತೇ.

ಮಳಿಗೆಗೆ ಐವತ್ತು ವರ್ಷ ತುಂಬಿತು. ಆಗ ನಾನು ಆ ಊರಲ್ಲಿದ್ದೆ. ಮಗ ನನ್ನ ಹತ್ತಿರ ಬಂದ. "ಅಯ್ಯನವರೇ, ನಿಮ್ಮ ಬರವಣಿಗೆ ಚೆನ್ನಾಗಿದೆ. ನಮ್ಮ ಮಳಿಗೆಯ ಚರಿತ್ರೆ ನೀವೇ ಬರ್ಕೊಡಿ." ನಾನು ಉಬ್ಬಿಹೋದೆ. ಹೊಗಳಿದರೆ ಉಬ್ಬದ ಪ್ರಸಂಗಿಯನ್ನು ನೀವು ನೋಡಿದ್ದೀರಾ? ನಾನಂತೂ ನೋಡಿಲ್ಲ.

ಕೆಲಸ ಬಿಟ್ಟು ಮನೆಯಲ್ಲಿದ್ದ ಸಿತಾಲಿಯವರ ಹತ್ತಿರ ಹೋದೆ. ಎಪ್ಪತ್ತು ದಾಟಿತ್ತು. ಎರಡೂ ಕಣ್ಣಿಗೆ ಪೊರೆ ಬಂದು ಎದುರಿಗಿದ್ದವರು ಹೊಗೆಯ ಹಾಗೆ ಕಾಣುತ್ತಿದ್ದರು. ಅವರ ಅಂಗಳದ ಮಾವಿನ ಮರದ ಕೆಳಗೆ ಹನ್ನೊಂದು ಮಧ್ಯಾಹ್ನ ಕೂತೆ. ಈಗ ನಿಮಗೆ ಹೇಳಿದ್ದೆಲ್ಲ ಅವರು ಹೇಳಿದ್ದು. ಕೊನೆಯ ದಿನ ಅಂಜುತ್ತಾ ಕೇಳಿದರು: "ಇದನ್ನೆಲ್ಲ ನಿಜವಾಗಿ ಪುಸ್ತಕದಲ್ಲಿ ಹಾಕ್ತೀರಾ? ನನಗೆ ಬೇರೇನೂ ಬೇಡ ಅಯ್ಯನವರೇ. ನಾನು ಅಲ್ಲಿದ್ದೆ ಅಂತ ಒಂದು ಕಡೆ ಬರೆದಿದ್ರೆ ಸಾಕು."

"ಹಾಕೇ ಹಾಕ್ತೀನಿ" ಅಂದೆ. ಆರು ಪುಟ ಬರೆದೆ. ಮಗ ಓದಿ ಕನ್ನಡಕ ತೆಗೆದಿಟ್ಟ.

"ಏನ್ ಅಯ್ಯನವರೇ ಇದು? ನಮ್ಮ ಮನೆತನದ ಚರಿತ್ರೆ ಬರೀರಿ ಅಂದ್ರೆ ನಮ್ಮ ಹುಡುಗರ ಚರಿತ್ರೆ ಬರ್ದಿದ್ದೀರಲ್ಲ?"

ಹುಡುಗ! ಎಪ್ಪತ್ತು ದಾಟಿದ ಮನುಷ್ಯ, ಹುಡುಗ! ಅದಕ್ಕೆ ನಾನೇನಂದೆ? ಗುಡುಗಿದೆನೇ? ಈಗ ಇಲ್ಲಿ ನಿಂತು ಗುಡುಗುತ್ತಿದ್ದೇನಲ್ಲ, ಅಲ್ಲಿ ಗುಡುಗಿದೆನೇ? ಆ ಹಿಂದಿನ ವಾರವಷ್ಟೇ ಅವನು ನಮ್ಮ ಸಭೆಗೆ ಒಂದು ವ್ಯಾನ್ ಕೊಟ್ಟಿದ್ದ, ಬಿಳೀ ವ್ಯಾನ್. "ಆಗ್ಲಿ, ತೆಗೀತೀನಿ" ಅಂದೆ. ಆರು ಪುಟ ತೆಗೆದೆ. ಅದರ ಜಾಗದಲ್ಲಿ ‘ನಮ್ಮ ನಂಬಿಗಸ್ತ ಹುಡುಗರಿಗೂ ವಂದನೆಗಳು’ ಅಂತ ಒಂದು ಸಾಲು ಬರೆದೆ. ಈ ಕೈಯಿಂದಲೇ ಬರೆದೆ.

ಸುವರ್ಣ ಮಹೋತ್ಸವದ ದಿನ ಬಂತು. ಗಾಜಿನ ಮಳಿಗೆಯ ತುಂಬ ಜನ. ಸಿತಾಲಿ ಹಳೆಯ ಕೋಟು ಹಾಕಿಕೊಂಡು, ಕೋಲು ಊರಿಕೊಂಡು ಬಂದಿದ್ದರು. ಮಗಳು ಶಾಲೆಯಲ್ಲಿ ಟೀಚರ್, ಅವತ್ತು ರಜೆ ಸಿಕ್ಕಿರಲಿಲ್ಲ, ಒಬ್ಬರೇ ಬಂದಿದ್ದರು. ಪುಸ್ತಕ ಹಂಚಿದರು. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು, ನನ್ನ ದನಿ ಗುರುತಿಸಿ, ಜನರ ನಡುವೆ ತಡವರಿಸುತ್ತಾ ನನ್ನ ಹತ್ತಿರ ಬಂದರು.

"ಅಯ್ಯನವರೇ, ನನ್ನ ಹೆಸರು ಯಾವ ಪುಟದಲ್ಲಿದೆ? ನನ್ನ ಬೆರಳು ಹಿಡಿದು ಅದರ ಮೇಲಿಡಿ."

ಪಕ್ಕದಲ್ಲೇ ಮಗ ನಿಂತಿದ್ದ. ನನ್ನ ಜೇಬಿನಲ್ಲಿ ವ್ಯಾನಿನ ಕೀಲಿಕೈ ಇತ್ತು. ಪ್ರಿಯರೇ, ಮುಂದಿನದನ್ನು ಹೇಳಲು ನನಗೆ ಇವತ್ತಿಗೂ ನಾಲಿಗೆ ಏಳುವುದಿಲ್ಲ. ನಾನು ಅವರ ಬೆರಳು ಹಿಡಿದೆ. ಸ್ಪ್ಯಾನರ್ ಹಿಡಿದು ಹಿಡಿದು ಬಾಗಿಹೋದ ಬೆರಳು ಅದು. ಇಪ್ಪತ್ಮೂರನೇ ಪುಟ ತೆರೆದು ಯಾವುದೋ ಒಂದು ಸಾಲಿನ ಮೇಲೆ ಇಟ್ಟು "ಇಲ್ಲಿದೆ" ಅಂದೆ.

ಅವರು ಆ ಸಾಲನ್ನು ಸವರಿದರು. ಮುಖ ಅರಳಿತು. "ಒಂದು ಗೆರೆ ಎಳೀರಿ ಅಯ್ಯನವರೇ. ಮನೆಗೆ ಬಂದವರಿಗೆ ತೋರಿಸ್ಬೇಕು" ಅಂದರು. ಪೆನ್ಸಿಲ್ ತೆಗೆದೆ. ಗೆರೆ ಎಳೆದೆ. ಆ ಸಾಲಿನಲ್ಲಿ ಏನಿತ್ತು ಗೊತ್ತೇ? ‘ಆ ವರ್ಷ ಮಳಿಗೆಯ ಮುಂಭಾಗಕ್ಕೆ ಹೊಸ ಗಾಜು ಹಾಕಿಸಲಾಯಿತು.’

ಮೂರು ತಿಂಗಳಾದ ಮೇಲೆ ಆ ಮಗಳು ನನ್ನ ಮನೆಗೆ ಬಂದಳು. ಕೂರು ಅಂದರೆ ಕೂರಲಿಲ್ಲ.

"ಅಯ್ಯನವರೇ, ಮನೆಗೆ ಯಾರೇ ಬರ್ಲಿ, ಅಪ್ಪ ಆ ಪುಸ್ತಕ ತರಿಸ್ತಾರೆ. ‘ಗೆರೆ ಎಳೆದಿರೋದನ್ನ ಓದಮ್ಮ’ ಅಂತಾರೆ. ನಾನು ಓದ್ತೀನಿ. ಮೊದಲ ಲಾರಿ, ಎರಡು ಹಲಗೆ, ಸಿತಾಲಿ ಅಂತ. ಅಲ್ಲಿಲ್ಲದ್ದನ್ನ ಓದ್ತೀನಿ. ಶಾಲೇಲಿ ಮಕ್ಕಳಿಗೆ ಇದ್ದದ್ದನ್ನ ಇದ್ದ ಹಾಗೆ ಓದಿ ಅಂತ ಹೇಳ್ಕೊಡೋಳು ನಾನು. ನನ್ನ ಕೈಲಿ ನೀವು ಎಂಥಾ ಕೆಲಸ ಮಾಡಿಸ್ತಿದ್ದೀರಿ ಗೊತ್ತಾ?"

ಅವಳು ಮುಂದುವರಿಸಿದಳು.

"ಬರೋ ತಿಂಗಳು ಅಪ್ಪನ ಕಣ್ಣಿನ ಆಪರೇಷನ್ನು. ನೀವೇ ಗೊತ್ತು ಮಾಡಿದ್ದು. ಕಣ್ಣು ಬಂದ ಮೇಲೆ ಅವರು ಮೊದಲು ಏನು ನೋಡ್ತಾರೆ, ಹೇಳಿ? ಅದಕ್ಕೂ ಮುಂಚೆ ನೀವೇ ಹೇಳ್ಬಿಡಿ. ನನ್ನಿಂದ ಆಗಲ್ಲ."

ನೋಡಿ, ಸುಳ್ಳು ಹೇಳಿದವನು ನಾನು, ಹೊತ್ತವಳು ಅವಳು. ಮಳಿಗೆಗೆ ಓಡಿದೆ. ಉಳಿದ ಪುಸ್ತಕಗಳಿಗಾದರೂ ಒಂದು ಚೀಟಿ ಅಂಟಿಸೋಣ ಅಂತ ಮಗನನ್ನು ಬೇಡಿಕೊಂಡೆ. "ನೂರು ವರ್ಷ ತುಂಬಿದಾಗ ನೋಡೋಣ ಬಿಡಿ" ಅಂದು ನಕ್ಕ.

ಆಪರೇಷನ್ ದಿನ ಸಿತಾಲಿಯವರನ್ನು ಅದೇ ಬಿಳೀ ವ್ಯಾನಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟೆ. ನಲವತ್ತು ಮೈಲಿ, ನಾವಿಬ್ಬರೇ. ಹೇಳಬೇಕಾದದ್ದು ಒಂದೇ ಮಾತು. ಹತ್ತನೇ ಮೈಲಿಯಲ್ಲಿ ಹೇಳೋಣ ಅಂದುಕೊಂಡೆ. ಇಪ್ಪತ್ತರಲ್ಲಿ ಅಂದುಕೊಂಡೆ. ಅವರು ಇಂಜಿನ್ನಿನ ಸದ್ದು ಕೇಳುತ್ತಾ "ಮೂರನೇ ಗೇರ್ ಬೇಗ ಹಾಕ್ತಿದ್ದೀರಿ ಅಯ್ಯನವರೇ, ಪಾಪ ಇದಕ್ಕೆ ಕಷ್ಟ ಆಗ್ತಿದೆ" ಅಂದರು. ನಾನು ಗೇರ್ ಬದಲಿಸಿದೆ. ಹೇಳಲಿಲ್ಲ.

ಕಟ್ಟು ಬಿಚ್ಚಿದ ದಿನ ಮಗಳೂ ಬಂದಿದ್ದಳು. ಡಾಕ್ಟರು ಹೋದ ಮೇಲೆ ಮುದುಕರು ನನ್ನನ್ನೇ ನೋಡಿದರು. "ಅಯ್ಯೋ, ನಿಮ್ಮ ತಲೆ ಇಷ್ಟು ನರೆತಿದೆಯಾ? ದನಿ ಕೇಳಿ ಹರೆಯದವರು ಅಂದ್ಕೊಂಡಿದ್ದೆ" ಅಂತ ನಕ್ಕರು. ಆಮೇಲೆ ದಿಂಬಿನ ಕೆಳಗಿಂದ ಪುಸ್ತಕ ತೆಗೆದರು. ಹಾಸಿಗೆಗೂ ತಂದಿದ್ದರು ಅದನ್ನು! ಇಪ್ಪತ್ಮೂರನೇ ಪುಟ ತೆರೆದರು. ಗೆರೆಯ ಮೇಲೆ ಬೆರಳಿಟ್ಟರು. ಬೆರಳು ಸಾಲಿನ ಕೊನೆಯವರೆಗೆ ಹೋಯಿತು, ತಿರುಗಿ ಮೊದಲಿಗೆ ಬಂತು, ಮತ್ತೆ ಹೋಯಿತು. ಪುಸ್ತಕ ಮುಚ್ಚಿದರು.

"ಹೆಸರು ಇದೆ ಅಯ್ಯನವರೇ. ಚೆನ್ನಾಗಿ ಬರೆದಿದ್ದೀರಿ."

ಮಗಳು ಬಾಯಿಗೆ ಕೈ ಒತ್ತಿಕೊಂಡು ಹೊರಗೆ ಹೋದಳು. ನಾನೇನು ಅಂದುಕೊಂಡೆ ಗೊತ್ತೇ? ಕಣ್ಣು ಇನ್ನೂ ಪೂರ್ತಿ ಬಂದಿಲ್ಲ, ಸದ್ಯ ಬಚಾವಾದೆ ಅಂದುಕೊಂಡೆ. ದೇವರಿಗೆ ಸ್ತೋತ್ರವನ್ನೂ ಹೇಳಿದೆ! ಇದಕ್ಕಿಂತ ಹೊಲಸು ಸ್ತೋತ್ರ ಯಾವ ಬಾಯಿಂದಲೂ ಬಂದಿರಲಾರದು.

ಎಂಟು ತಿಂಗಳಿಗೆ ಅವರು ತೀರಿಕೊಂಡರು. ಮಳಿಗೆಯಿಂದ ಹೂವಿನ ಚಕ್ರ ಬಂತು, ಅದರ ಮೇಲೂ ಮಳಿಗೆಯದೇ ಹೆಸರು. ಮಣ್ಣು ಮಾಡಿ ಬಂದ ಮೇಲೆ ಮಗಳು ಪುಸ್ತಕ ತಂದು ನನ್ನ ಕೈಗಿಟ್ಟಳು.

"ಆಸ್ಪತ್ರೆಯಿಂದ ಬಂದ ದಿನವೇ ಅಪ್ಪ ನನ್ನ ಹತ್ರ ರಬ್ಬರ್ ಕೇಳಿದ್ರು. ‘ಇದು ಯಾರ ಕೈಗಾದ್ರೂ ಸಿಕ್ಕಿ, ಅಯ್ಯನವರು ಸುಳ್ಳು ಗೆರೆ ಎಳೆದ್ರು ಅಂತ ಗೊತ್ತಾಗ್ಬಾರ್ದು. ದೇವರ ಕೆಲಸ ಮಾಡೋರು’ ಅಂದ್ರು. ಆಮೇಲೆ ಯಾರು ಬಂದ್ರೂ ಪುಸ್ತಕ ತರಿಸ್ಲಿಲ್ಲ."

ಇದೇ ಆ ಪುಸ್ತಕ. ಇವತ್ತು ಬೈಬಲ್ಲಿನ ಪಕ್ಕದಲ್ಲಿಟ್ಟುಕೊಂಡು ಬಂದಿದ್ದೇನೆ. ಇಪ್ಪತ್ಮೂರನೇ ಪುಟ. ಗೆರೆ ಅಳಿಸಿದ್ದಾರೆ, ಆದರೆ ನಾನು ಪೆನ್ಸಿಲ್ಲನ್ನು ಒತ್ತಿ ಎಳೆದಿದ್ದೆನಲ್ಲ, ಬೆರಳಿಟ್ಟರೆ ಕಾಗದದಲ್ಲಿ ಅದರ ಗುರುತು ಈಗಲೂ ಸಿಗುತ್ತದೆ. ಮುದುಕರು ತಮ್ಮ ಹೆಸರನ್ನು ಕಳೆದುಕೊಂಡು ನನ್ನ ಹೆಸರನ್ನು ಉಳಿಸಿದರು. ನಾನು ಅವರ ಬೆರಳು ಹಿಡಿದು ಮೋಸ ಮಾಡಿದೆ.

ಈಗ ನಿಮ್ಮ ಕಡೆ ಬರುತ್ತೇನೆ. ಏಕೆ ಸರಿದು ಕೂರುತ್ತಿದ್ದೀರಿ? ನಿಮ್ಮದೇನೂ ಮಳಿಗೆಯಿಲ್ಲ, ಚರಿತ್ರೆಯ ಪುಸ್ತಕವಿಲ್ಲ ಅಂತಲೋ? ಹೋದ ತಿಂಗಳು ಇದೇ ವೇದಿಕೆಯ ಮೇಲೆ ನಿಂತು "ಈ ಮನೆಯನ್ನ ನಾನೇ ನಿಂತು ಕಟ್ಟಿಸಿದೆ" ಅಂತ ಸಾಕ್ಷಿ ಹೇಳಿದವರು ಯಾರು? ನಿಮ್ಮ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ದುಡಿಯುವ, ಮೊಮ್ಮಕ್ಕಳನ್ನು ಕಂಡ ಮನುಷ್ಯನನ್ನು "ನಮ್ಮ ಹುಡುಗ" ಅಂತ ಕರೆಯುವವರು ಯಾರು? ಅಮ್ಮಂದಿರೇ, ನೀವು ಆಫೀಸಿಗೆ ಹೋದಾಗ ನಿಮ್ಮ ಕೂಸನ್ನು ಮೂರು ವರ್ಷ ಎತ್ತಿ ಆಡಿಸಿದ ಹೆಂಗಸಿನ ಪೂರ್ತಿ ಹೆಸರು ಗೊತ್ತೇ? ‘ಕೆಲಸದವಳು’ ಅನ್ನುವುದು ಹೆಸರಲ್ಲ ತಾಯಿ. "ಅವರಿಗೇನೂ ಕಡಿಮೆ ಮಾಡಿಲ್ಲ ಅಯ್ಯನವರೇ" ಅನ್ನಬೇಡಿ. ಸಿತಾಲಿಗೂ ಅವರು ಏನೂ ಕಡಿಮೆ ಮಾಡಿರಲಿಲ್ಲ.

ಇವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ನಿಮ್ಮ ಮಕ್ಕಳಿಗೆ ಹೇಳಿ: ನನಗೆ ಈ ಕೆಲಸ ಕಲಿಸಿದವರು ಇಂಥವರು, ನಾನು ಬಿದ್ದಾಗ ಎತ್ತಿದವರು ಇಂಥವರು. ಹೆಸರು ಹಿಡಿದು ಹೇಳಿ. ನಾಳೆ ಅಂಗಡಿಗೆ ಹೋದಾಗ ಆ ಮನುಷ್ಯನನ್ನು ಹೆಸರು ಹಿಡಿದು ಕರೆಯಿರಿ, ನಾಲ್ಕು ಗಿರಾಕಿಗಳ ಎದುರಿಗೆ "ಇದನ್ನ ಕಟ್ಟಿದವರು ಇವರು" ಅನ್ನಿ. ಅವರ ಕಿವಿಗೆ ಬೀಳುವ ಹಾಗೆ ಅನ್ನಿ. ಸಮಾಧಿಯ ಮುಂದೆ ನಾನು ಸಿತಾಲಿ ಸಿತಾಲಿ ಅಂತ ಎಷ್ಟು ಸಲ ಕೂಗಿದೆ ಅಂತ ನಿಮಗೆ ಗೊತ್ತಿಲ್ಲ. ಅದರಿಂದ ಏನೂ ಆಗಲಿಲ್ಲ.

ಆರಾಧನೆ ಮುಗಿದ ಮೇಲೆ ಎಂದಿನಂತೆ ಬಾಗಿಲಲ್ಲಿ ನಿಂತಿರುತ್ತೇನೆ. ಕೈ ಕುಲುಕುವಾಗ "ಪ್ರಸಂಗ ಚೆನ್ನಾಗಿತ್ತು ಅಯ್ಯನವರೇ" ಅಂತ ಯಾರೂ ಅನ್ನಬೇಡಿ. ‘ಚೆನ್ನಾಗಿ’ ಅನ್ನುವ ಮಾತನ್ನು ಸಿತಾಲಿಯವರು ಹೇಳಿಬಿಟ್ಟಿದ್ದಾರೆ, ಇನ್ನೊಬ್ಬರ ಬಾಯಿಂದ ಕೇಳುವ ಶಕ್ತಿ ನನಗಿಲ್ಲ. ನಿಮ್ಮ ಬಾಳಿನ ಪುಸ್ತಕದಿಂದ ನೀವು ಬಿಟ್ಟಿರುವ ಒಬ್ಬರ ಹೆಸರು ಹೇಳಿ, ಆಮೇಲೆ ಮನೆಗೆ ಹೋಗಿ.