ತಾಯಿ ಕುರ್ಚಿಯ ಹಿಂದೆ ನಿಲ್ಲಬೇಕು

ಅಧ್ಯಕ್ಷರೇ, ಈ ವಾರ ನಿವೃತ್ತರಾಗುತ್ತಿರುವ ನಮ್ಮ ಪ್ರೊಫೆಸರ್ ಲಿಂಡ್‌ಕ್ವಿಸ್ಟ್ ಅವರೇ, ಬಾಸ್ಟನ್ನಿನ ಈ ಹಿಮದಲ್ಲೂ ಸಭಾಂಗಣ ತುಂಬಿರುವ ಮನಃಶಾಸ್ತ್ರಜ್ಞ ಸಭಿಕರೇ,

ನಾನು ಮೈಕನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿರುವುದನ್ನು ನೀವೆಲ್ಲ ಆಗಲೇ ಗಮನಿಸಿದ್ದೀರಿ. ಗಮನಿಸದೆ ಇರುತ್ತೀರಾ? ನಿಮ್ಮ ಕಸುಬೇ ಅದು. ನಾನು ನೋರೀನ್ ಡೊಹರ್ಟಿ. ಹುಟ್ಟುಸ್ವಭಾವದ ಪ್ರಯೋಗಕ್ಕೆಂದು ನಾಲ್ಕು ತಿಂಗಳ ಕೂಸಾಗಿದ್ದಾಗ ಪ್ರೊಫೆಸರರ ಕುರ್ಚಿಯಲ್ಲಿ ಕೂತವಳು. ಅವರು ಕಣ್ಣೆದುರು ಬಣ್ಣದ ಗೊಂಬೆಗಳನ್ನು ತೂಗಾಡಿಸಿದರು. ಕೆಲವು ಕೂಸುಗಳು ನಗುತ್ತವೆ. ನಾನು ಕೈಕಾಲು ಬಡಿದು, ಬೆನ್ನು ಸೆಟೆದು, ಕಟ್ಟಡಕ್ಕೆಲ್ಲ ಕೇಳುವಂತೆ ಅತ್ತೆನಂತೆ. ಹಾಗೆ ಅತ್ತವರೆಲ್ಲ ಅಂಜುವ ಸ್ವಭಾವದವರೆಂದು ಲೆಕ್ಕ; ನಾನೂ ಆ ಗುಂಪಿಗೆ ಸೇರಿದೆ.

ಆಮೇಲೆ ನಮ್ಮ ಮನೆಯಲ್ಲಿ ಎಲ್ಲದಕ್ಕೂ ಅದೇ ಕಾರಣ. ಈಜು ಬೇಡ, ನಾಟಕ ಬೇಡ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಅಮ್ಮ ಮಾತು ಮುಗಿಸುತ್ತಿದ್ದಳು. ಹದಿನೈದನೆಯ ವಯಸ್ಸಿನಲ್ಲಿ ಮತ್ತೆ ಪರೀಕ್ಷೆಗೆ ಬಂದಾಗ, ನನ್ನ ಗತಿ ಇಷ್ಟೇನಾ ಎಂದು ಪ್ರೊಫೆಸರರನ್ನೇ ಕೇಳಿದೆ. "ಹೆದರೋ ಮಗು ಹೆದರಿಕೊಂಡೇ ಏನ್ ಬೇಕಾದ್ರೂ ಮಾಡಬಹುದಮ್ಮ" ಅಂದರು. ಈ ಮಾತನ್ನು ನನ್ನ ತಾಯಿಗೆ ಮೊದಲೇ ಹೇಳಬಾರದಿತ್ತೇ, ಸಾರ್?

ನಾಳೆ ಬೆಳಿಗ್ಗೆ ನನ್ನ ನಾಲ್ಕು ತಿಂಗಳ ಮಗ ಡೆಕ್ಲನ್‌ನ ಸರದಿ. ಪ್ರೊಫೆಸರರು ಪರೀಕ್ಷಿಸುವ ಕೊನೆಯ ಕೂಸು ಅವನೇ. ಒಪ್ಪಿಕೊಂಡಿದ್ದೇನೆ, ಒಪ್ಪಿದಂದಿನಿಂದ ನಿದ್ದೆಯಿಲ್ಲ. ಅವನು ನಕ್ಕರೆ ಸರಿ. ಅತ್ತರೆ? ಮುಂದೆ ಅವನು ಯಾವುದಾದರೂ ಬಾಗಿಲಲ್ಲಿ ಅಳುಕಿ ನಿಂತಾಗಲೆಲ್ಲ ನಾನೂ ಅಮ್ಮನ ಹಾಗೆಯೇ ಕೈ ಹಿಡಿದು ಹಿಂದಕ್ಕೆ ಎಳೆಯುತ್ತೇನಾ? ನನಗೆ ಭಯವಿರುವುದು ಅವನ ಸ್ವಭಾವದ್ದಲ್ಲ, ನನ್ನದು.

ಪ್ರಯೋಗದ ನಿಯಮ ನಿಮಗೆ ಗೊತ್ತೇ ಇದೆ. ತಾಯಿ ಕುರ್ಚಿಯ ಹಿಂದೆ, ಕೂಸಿಗೆ ಕಾಣದಂತೆ ನಿಲ್ಲಬೇಕು. ಮುಟ್ಟಬಾರದು, ಮಾತಾಡಬಾರದು. ಇವತ್ತು ಇಲ್ಲಿಗೆ ಬರುವಾಗ ಕಾರಿನಲ್ಲಿ ಅಮ್ಮ ಮೊದಲ ಸಲ ಬಾಯಿಬಿಟ್ಟಳು: "ಹಿಂದ್ಗಡೆ ನಾನೂ ಅಳ್ತಾ ನಿಂತಿದ್ದೆ ಕಣೇ. ನಿಂಗೆ ಕಾಣಿಸ್ಲಿಲ್ಲ, ಅಷ್ಟೇ."

ಓ, ಅಳುತ್ತಿರುವುದು ಡೆಕ್ಲನ್ನೇ. ಕೊನೆಯ ಸಾಲಿನಲ್ಲಿ, ನನ್ನ ಅಮ್ಮನ ತೊಡೆಯ ಮೇಲೆ. ನೋಡಿ, ಮಗು ಅತ್ತ ಕೂಡಲೇ ಸಭೆಯಲ್ಲಿ ಅರ್ಧ ಜನ ಗಡಿಯಾರ ನೋಡಿಕೊಂಡಿರಿ. ಪ್ರೊಫೆಸರೇ, ನೀವೂನಾ? ದಯವಿಟ್ಟು ಅಳತೆ ಹಾಕಬೇಡಿ. ಹಸಿವಿರಬಹುದು. ಹಸಿವಲ್ಲದೆಯೂ ಇರಬಹುದು.

ನಾಳೆ ಬರುತ್ತೇವೆ, ಸಾರ್. ಆದರೆ ನಾನು ಕುರ್ಚಿಯ ಮುಂದೆ ನಿಲ್ಲುತ್ತೇನೆ. ನಿಮ್ಮ ಕೊನೆಯ ಪ್ರಯೋಗ ಕೆಟ್ಟರೆ ಕ್ಷಮಿಸಿ. ನಿಮ್ಮನ್ನು ಹೊಗಳಲು ಇನ್ನೂ ಎರಡು ಹಾಳೆ ಬರೆದು ತಂದಿದ್ದೆ, ಮೇಜಿನ ಮೇಲೆ ಬಿಟ್ಟು ಹೋಗುತ್ತಿದ್ದೇನೆ. ಇಷ್ಟು ಹೊತ್ತು ಕೇಳಿದ್ದಕ್ಕೆ ನಿಮಗೆಲ್ಲ ವಂದನೆಗಳು. ಸ್ವಲ್ಪ ದಾರಿ ಬಿಡಿ, ಅವನಿಗೆ ನನ್ನ ಮುಖ ಕಾಣಬೇಕು. ನಮಸ್ಕಾರ.